ಉತಾರದಲ್ಲಿಯ ಹೆಸರು ಮತ್ತು ಆರು ಸಾವಿರ ರೂಪಾಯಿ

ಹಡಪಸರದ ಕಟ್ಟಡದ ಕೆಲಸಗಳಲ್ಲಿಯೂ ಕಾರಖಾನೆಗಳಲ್ಲಿಯೂ ದುಡಿಯುವ ನಮ್ಮ ಬಂಧುಗಳಲ್ಲಿ ಅನೇಕರು ಕಲಬುರ್ಗಿ, ವಿಜಯಪುರ, ಯಾದಗಿರಿ ಕಡೆಯವರು. ಊರಲ್ಲಿ ಎರಡು ಮೂರು ಎಕರೆ ಒಣಬೇಸಾಯದ ಹೊಲ ಬಿಟ್ಟು ಬಂದವರು. ಪಕ್ಕದ ಹೊಲದವನಿಗೆ ಸರಕಾರದ ಎರಡು ಸಾವಿರ ಬಂದು ತಮಗೆ ಬಾರದಿದ್ದರೆ ಕಾರಣವೇನೆಂದು ಇವರು ಕೇಳುವುದು ಸಹಜ. ಆದಕಾರಣ ಆ ಯೋಜನೆಯ ಕಟ್ಟಳೆಗಳನ್ನು ವಾಚಕರ ಮುಂದಿಡುತ್ತೇವೆ.

‘ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ’ಯನ್ನು ಕೇಂದ್ರ ಸರಕಾರವು 2019ರ ಫೆಬ್ರುವರಿ 24ರಂದು ಉದ್ಘಾಟಿಸಿತು. ರೈತಕುಟುಂಬಕ್ಕೆ ವರ್ಷಕ್ಕೆ 6,000 ರೂ., ನಾಲ್ಕು ತಿಂಗಳಿಗೊಮ್ಮೆ 2,000ದಂತೆ ಮೂರು ಕಂತು. ಮೊದಲು 2 ಹೆಕ್ಟೇರಿನೊಳಗಿನವರಿಗೆ ಮಾತ್ರ ಇದ್ದುದು ಅದೇ ವರ್ಷ ಎಲ್ಲ ಭೂಹಿಡುವಳಿದಾರರಿಗೂ ವಿಸ್ತರಿಸಿತು. ಮಹಾರಾಷ್ಟ್ರವು 2023ರಲ್ಲಿ ತನ್ನದೂ 6,000 ರೂ. ಸೇರಿಸಿತು. ಕರ್ನಾಟಕವು 2019ರಿಂದ ಕೊಡುತ್ತಿದ್ದ 4,000 ರೂ. 2023ರಲ್ಲಿ ನಿಂತಿತು. ಹೀಗಾಗಿ ಅಕ್ಕಲಕೋಟೆಯ ಕನ್ನಡ ರೈತನಿಗೂ ಗಡಿಯಾಚೆ ಆಳಂದದಲ್ಲಿರುವ ಅವನ ಬೀಗನಿಗೂ ಹೊಲದ ಮಣ್ಣು ಒಂದೇ, ಕೈಗೆ ಬರುವ ಹಣ ಬೇರೆ!

ಈ ಹಣವು ನೇಗಿಲ ಹಿಂದೆ ಹೋಗುವುದಿಲ್ಲ, ಉತಾರದ ಹಿಂದೆ ಹೋಗುತ್ತದೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವನೇ ಸರಕಾರದ ಕಣ್ಣಿಗೆ ರೈತ. ಲಾವಣಿಗೋ ಪಾಲಿಗೋ ಮಾಡುವವನಿಗೆ ಇದರಲ್ಲಿ ಬಿಡಿಗಾಸೂ ಇಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ತರುವಾಯ ಗೇಣಿಗೆ ಕೊಡುವುದೇ ನಿಷಿದ್ಧವಾದ್ದರಿಂದ ಲಾವಣಿಯೆಲ್ಲ ಬಾಯಿಮಾತಿನದು, ಕಾಗದವೇ ಇರದು. ಒಡಿಸಾದವರು 2018ರ ಕೊನೆಗೆ ತಂದ ತಮ್ಮ ‘ಕಾಲಿಯಾ’ ಯೋಜನೆಯಲ್ಲಿ ಪಾಲುಗಾರರನ್ನೂ ಸೇರಿಸಿದ್ದರು. ಅದು ಹೆಚ್ಚು ನ್ಯಾಯವೆಂದು ನಮಗೆ ತೋರುತ್ತದೆ.

ನಮ್ಮವರಿಗೆ ಹೆಚ್ಚಾಗಿ ಅಡ್ಡಬರುವುದು ಬೇರೆಯೇ. ತಂದೆ ತೀರಿ ಹತ್ತು ವರ್ಷವಾಗಿರುತ್ತದೆ, ಉತಾರದಲ್ಲಿ ಇನ್ನೂ ಅವರ ಹೆಸರು, ಕೆಲವೆಡೆ ಅಜ್ಜನ ಹೆಸರೇ. ಮಗನು ಹೊಲ ಉತ್ತರೂ ದಾಖಲೆಯಲ್ಲಿ ಅವನು ರೈತನಲ್ಲ. ಇದಕ್ಕೆ ಉಪಾಯ ಪೌತಿಖಾತೆ: ಮರಣದ ದಾಖಲೆ, ವಂಶವೃಕ್ಷಗಳೊಡನೆ ನಾಡಕಚೇರಿಗೆ ಅರ್ಜಿ ಕೊಟ್ಟು ವಾರಸುದಾರರ ಹೆಸರು ಏರಿಸಿಕೊಳ್ಳಬೇಕು. 1-2-2019ರ ನಂತರ ಹೊಲ ಕೊಂಡವರಿಗೆ ಸಹಾಯವಿಲ್ಲವೆಂಬ ನಿಯಮದಲ್ಲಿಯೂ, ಮರಣದಿಂದ ವಾರಸಾಗಿ ಬಂದ ಭೂಮಿಗೆ ವಿನಾಯಿತಿ ಇಟ್ಟಿದ್ದಾರೆ. ಇಷ್ಟಾದರೂ ಜನ ತಡಮಾಡುವುದೇಕೆ? ವಂಶವೃಕ್ಷ ಬರೆಸಿದರೆ ಅಕ್ಕತಂಗಿಯರ ಹೆಸರೂ ಬರುತ್ತದೆಂಬ ಅಳುಕು ಅನೇಕ ಅಣ್ಣತಮ್ಮಂದಿರಿಗೆ. ಅವರ ಹಕ್ಕು ಕಾನೂನಿನದು. ಅರ್ಜಿ ಕೊಡದಿದ್ದ ಮಾತ್ರಕ್ಕೆ ಅದು ಹೋಗುವುದಿಲ್ಲ. ಜಂಟಿ ಖಾತೆಯಲ್ಲಿ ಹೆಸರಿರುವ ಅಣ್ಣತಮ್ಮಂದಿರ ಸಂಸಾರಗಳು ಬೇರೆಬೇರೆಯಾಗಿದ್ದರೆ, ಅರ್ಹವಾದ ಪ್ರತಿಯೊಂದು ಸಂಸಾರಕ್ಕೂ 6,000 ಉಂಟೆಂಬುದನ್ನು ಬಹಳ ಜನ ಅರಿಯರು.

‘ಕುಟುಂಬ’ವೆಂದರೆ ಇಲ್ಲಿ ಗಂಡ, ಹೆಂಡತಿ, ಪ್ರಾಯಕ್ಕೆ ಬಾರದ ಮಕ್ಕಳು, ಇಷ್ಟೇ. ಇವರಲ್ಲೊಬ್ಬರು ಹಿಂದಿನ ವರ್ಷ ಆದಾಯಕರ ಕಟ್ಟಿದ್ದರೆ ಇಡೀ ಕುಟುಂಬ ಹೊರಗೆ. ತಿಳಿಯದೆ ತೆಗೆದುಕೊಂಡ ಹಣವನ್ನೂ ಮರಳಿಸಬೇಕಾಗುತ್ತದೆ. ಆದರೆ ಪ್ರಾಯದ ಮಗನು ಇಲ್ಲಿ ಕರ ಕಟ್ಟಿದನೆಂದು ಊರಲ್ಲಿರುವ ತಂದೆಯ ಕಂತು ನಿಲ್ಲತಕ್ಕದ್ದಲ್ಲ. ಸರಕಾರಿ ನೌಕರರು (ನಾಲ್ಕನೆಯ ದರ್ಜೆಯವರನ್ನು ಬಿಟ್ಟು), ವೃತ್ತಿನಿರತ ವೈದ್ಯರು, ವಕೀಲರು ಮೊದಲಾದವರಿಗೂ ಇದು ಇಲ್ಲ.

ಇನ್ನು ಇ-ಕೆವೈಸಿ, ಅಂದರೆ ಗುರುತು ಪರೀಕ್ಷೆ. ಆಧಾರಿಗೆ ಜೋಡಿಸಿದ ಮೊಬೈಲು ಕೈಯಲ್ಲಿದ್ದರೆ ಅದಕ್ಕೆ ಬರುವ ಅಂಕೆಯಿಂದ ಮುಗಿಯುತ್ತದೆ. ಹಳೆಯ ನಂಬರು ಹೋಗಿದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳೊತ್ತಬಹುದು. ಸಿಮೆಂಟು ಕಲಸಿ ಬೆರಳಿನ ಗೆರೆ ಸವೆದವರಿಗೆ, 2023ರಲ್ಲಿ ಬಂದ, ಮುಖ ತೋರಿಸಿ ಮುಗಿಸುವ ಮೊಬೈಲ್ ಸೌಕರ್ಯವೂ ಇದೆ.

ಎಲ್ಲವೂ ಸರಿಯಿದ್ದು ಊರಿನ ಬ್ಯಾಂಕಿಗೆ ಹಣ ಬಾರದಿದ್ದರೆ ಇನ್ನೊಂದನ್ನು ನೋಡಬೇಕು. ಹಣವು ಆಧಾರ್ ಸಂಖ್ಯೆಯ ಮೇಲೆ ಹೋಗುವುದರಿಂದ, ಕೊನೆಗೆ ಯಾವ ಖಾತೆಯನ್ನು ಆ ಸಂಖ್ಯೆಗೆ ಜೋಡಿಸಿದ್ದೀರೋ ಅಲ್ಲಿಗೆ ಬೀಳುತ್ತದೆ. ಪಗಾರಕ್ಕೆಂದು ಇಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದವರ ಕಂತು ಇಲ್ಲಿಯೇ ಜಮೆಯಾಗಿರುವುದುಂಟು. ಊರಿಗೆ ರಜೆ ಹಾಕಿ ಹೋಗುವ ಮುನ್ನ ಹಡಪಸರದ ಪಾಸ್‌ಬುಕ್ಕನ್ನು ಒಮ್ಮೆ ಬರೆಯಿಸಿ ನೋಡಿರಿ.