ಫ್ರೆಂಚ್ ಅಧೀನಾರ್ಥಕ ಕ್ರಿಯಾಪದದ ಪೂರ್ಣರೂಪ: ರಚನೆ, ಪ್ರಯೋಗ ಮತ್ತು ಕನ್ನಡ ಅನುವಾದದ ತೊಡಕು

ಫ್ರೆಂಚ್ ವ್ಯಾಕರಣಗಳು ‘ಸ್ಯುಬ್ಜೊಂಕ್ತಿಫ್ ಪಾಸೆ’ ಎಂದು ಕರೆಯುವ ಕ್ರಿಯಾರೂಪವನ್ನು ಕನ್ನಡದಲ್ಲಿ ವಿವರಿಸಹೊರಟವರಿಗೆ ಮೊದಲು ಎದುರಾಗುವ ತೊಡಕು ಹೆಸರಿನದು. ನಮ್ಮ ಹೊಸಗನ್ನಡ ವ್ಯಾಕರಣಗಳಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂಬ ಮೂರು ಅರ್ಥರೂಪಗಳು ಹೇಳಲ್ಪಟ್ಟಿವೆ. ಇವುಗಳಲ್ಲಿ ‘ಬಂದಾನು’, ‘ಮಾಡಿಯಾನು’ ಎಂಬ ಸಂಭಾವನಾರ್ಥಕ್ಕೆ ಫ್ರೆಂಚ್ ರೂಪವನ್ನು ಸಮೀಕರಿಸುವ ಮನಸ್ಸಾಗುವುದು ಸಹಜ. ಆದರೆ ಈ ಸಮೀಕರಣ ನಿಲ್ಲುವುದಿಲ್ಲ. ‘ಬಂದಾನು’ ಎಂಬುದು ಪ್ರಧಾನ ವಾಕ್ಯದಲ್ಲಿ ನಿಂತು ಸಂಶಯವನ್ನು ಸೂಚಿಸುತ್ತದೆ. ಫ್ರೆಂಚ್ ರೂಪವಾದರೋ ಬಹುಮಟ್ಟಿಗೆ ಅಧೀನ ವಾಕ್ಯದಲ್ಲಿ ಬರುತ್ತದೆ. ಸಂಶಯದ ಲವಲೇಶವೂ ಇಲ್ಲದ ಸಂದರ್ಭಗಳಲ್ಲಿಯೂ ಬರುತ್ತದೆ. ಲ್ಯಾಟಿನ್ ಮೂಲದಲ್ಲಿ ಆ ಹೆಸರಿನ ಅರ್ಥ ‘ಕೆಳಗೆ ಜೋಡಿಸಿದ್ದು’ ಎಂದಷ್ಟೆ. ಆದುದರಿಂದ ಈ ಲೇಖನದಲ್ಲಿ ‘ಅಧೀನಾರ್ಥಕ’ ಎಂಬ ಪದವನ್ನು ಬಳಸಿದೆ. ‘ಭೂತ’ ಎನ್ನದೆ ‘ಪೂರ್ಣ’ ಎಂದದ್ದಕ್ಕೆ ಕಾರಣವನ್ನು ಮುಂದೆ ಹೇಳಲಾಗುವುದು. ಫ್ರೆಂಚ್ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಸ್ಥೂಲವಾಗಿ ಮಾತ್ರ ತೋರಿಸಲು ಸಾಧ್ಯವಾಗಿದೆ.

ರಚನೆ ಕಠಿಣವಾದುದಲ್ಲ. ‘ಅವ್ವಾರ್’ (ಹೊಂದಿರು) ಅಥವಾ ‘ಎತ್ರ್’ (ಇರು) ಎಂಬ ಸಹಾಯಕ ಧಾತುವಿನ ಅಧೀನಾರ್ಥಕ ವರ್ತಮಾನರೂಪಕ್ಕೆ ಮುಖ್ಯ ಧಾತುವಿನ ಭೂತ ಕೃದಂತವನ್ನು ಸೇರಿಸಿದರೆ ಪೂರ್ಣರೂಪ ಸಿದ್ಧವಾಗುತ್ತದೆ. ‘ಎತ್ರ್’ ಧಾತುವಿನ ಏಕವಚನದ ಮೂರೂ ಪುರುಷಗಳು ಮತ್ತು ಬಹುವಚನದ ಪ್ರಥಮ ಪುರುಷ ಕಿವಿಗೆ ‘ಸ್ವಾ’ ಎಂದೇ ಕೇಳಿಸುತ್ತವೆ. ‘ನಾವು’ ಎಂಬುದಕ್ಕೆ ‘ಸ್ವಾಯೋಂ’, ‘ನೀವು’ ಎಂಬುದಕ್ಕೆ ‘ಸ್ವಾಯೆ’. ‘ಅವ್ವಾರ್’ ಧಾತುವಿಗೂ ಇದೇ ಕ್ರಮ: ನಾಲ್ಕು ಕಡೆ ‘ಎ’, ಉಳಿದೆರಡು ಕಡೆ ‘ಎಯೋಂ’, ‘ಎಯೆ’. ಬರವಣಿಗೆಯಲ್ಲಿ ಮಾತ್ರ ಈ ‘ಎ’ಕಾರಕ್ಕೆ ನಾಲ್ಕು ಬೇರೆ ಬೇರೆ ಕಾಗುಣಿತಗಳಿವೆ. ಇತರ ಧಾತುಗಳ ಅಧೀನಾರ್ಥಕ ಏಕವಚನ ಪ್ರಥಮ ಪುರುಷ ‘ಇ’ ಎಂಬ ಮೂಕಾಕ್ಷರದಲ್ಲಿ ಮುಗಿದರೆ, ಈ ಎರಡು ಸಹಾಯಕಗಳದು ಮಾತ್ರ ‘ತ್’ ಅಕ್ಷರದಲ್ಲಿ ಮುಗಿಯುತ್ತದೆ. ಫ್ರಾನ್ಸಿನ ಶಾಲಾಬಾಲಕರೂ ತಪ್ಪುವುದು ಇಲ್ಲಿಯೇ.

ಯಾವ ಧಾತುವಿಗೆ ಯಾವ ಸಹಾಯಕ ಎಂಬ ನಿಯಮ ನಿರ್ದೇಶಾರ್ಥಕ ಪೂರ್ಣಭೂತದಲ್ಲಿ ಇರುವಂತೆಯೇ ಇದೆ. ಹೋಗು, ಬರು, ಹೊರಡು, ಹುಟ್ಟು, ಸಾಯು, ಬೀಳು ಮೊದಲಾದ ಕೆಲವು ಅಕರ್ಮಕಗಳೂ ಎಲ್ಲ ಆತ್ಮಾರ್ಥಕ ಧಾತುಗಳೂ ‘ಎತ್ರ್’ ಬಯಸುತ್ತವೆ; ಉಳಿದವು ‘ಅವ್ವಾರ್’ ಬಯಸುತ್ತವೆ. ‘ಎತ್ರ್’ ಸಂಗಡ ಬರುವ ಕೃದಂತ ಕರ್ತೃವಿನ ಲಿಂಗವಚನಗಳನ್ನು ಸಾಮಾನ್ಯವಾಗಿ ಅನುಸರಿಸುತ್ತದೆ. ‘ಅವ್ವಾರ್’ ಸಂಗಡ ಬರುವುದು ಕರ್ಮಪದ ಮೊದಲೇ ಬಂದಿದ್ದರೆ ಮಾತ್ರ ಅದನ್ನು ಅನುಸರಿಸುತ್ತದೆ. 16ನೆಯ ಶತಮಾನದ ಕವಿ ಕ್ಲೆಮಾಂ ಮಾರೊ ಇಟಾಲಿಯನ್ ಮಾದರಿಯನ್ನು ಮುಂದಿಟ್ಟು ಪ್ರತಿಪಾದಿಸಿದ ನಿಯಮವಿದು. ‘ಸೆ ಲಾ ಸೊಲ್ ಲೆತ್ರ್ ಕಿಲ್ ಎ ಎಕ್ರಿತ್’ (ಅವನು ಬರೆದಿರುವ ಒಂದೇ ಪತ್ರ ಇದು) ಎಂಬಲ್ಲಿ ಪತ್ರ ಸ್ತ್ರೀಲಿಂಗವಾದುದರಿಂದ ‘ಎಕ್ರಿ’ ಹೋಗಿ ‘ಎಕ್ರಿತ್’ ಆಯಿತು. ಬಹುಪಾಲು ಕೃದಂತಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಹೊರತು ಕಿವಿಗೆ ಕೇಳಿಸುವುದಿಲ್ಲ.

ಈ ರಚನೆ ಕನ್ನಡಿಗನಿಗೆ ಅಪರಿಚಿತವಾಗಬೇಕಾಗಿಲ್ಲ. ನಮ್ಮಲ್ಲಿ ಭೂತನ್ಯೂನಕ್ಕೆ ‘ಇರು’ ಧಾತು ಸೇರಿ ‘ಬಂದಿರು’, ‘ಮುಗಿಸಿರು’ ಎಂಬ ಸಂಯುಕ್ತಗಳಾಗುತ್ತವೆ. ಈ ಸಂಯುಕ್ತ ಹೇಳುವುದು ಕ್ರಿಯೆಯ ಪೂರ್ಣತೆಯನ್ನು, ಕಾಲವನ್ನಲ್ಲ. ‘ನಾಳೆ ಮಧ್ಯಾಹ್ನದೊಳಗೆ ನೀನು ಕೆಲಸ ಮುಗಿಸಿರಬೇಕು’ ಎಂದಾಗ ಮುಗಿಸುವಿಕೆ ಇನ್ನೂ ಭವಿಷ್ಯದಲ್ಲಿದೆ. ಫ್ರೆಂಚಿನಲ್ಲಿ ಇದೇ ಮಾತು ‘ಜ ವೊ ಕ ತ್ಯು ಎ ಫಿನಿ ಅವಾಂ ಮಿದಿ’ ಎಂದಾಗುತ್ತದೆ. ‘ಎ ಫಿನಿ’ ಎಂಬುದು ನಮ್ಮ ಚರ್ಚೆಯ ರೂಪವೇ. ಹೆಸರು ‘ಪಾಸೆ’, ಅಂದರೆ ಭೂತ. ಸೂಚಿಸುತ್ತಿರುವುದು ನಾಳೆಯ ಮಧ್ಯಾಹ್ನ! ಭಾಷಾವಿಜ್ಞಾನಿ ಗ್ಯುಸ್ತಾವ್ ಗಿಯೋಮ್ 1929ರಲ್ಲಿ ಪ್ರಕಟಿಸಿದ ‘ತಾಂ ಎ ವೆರ್ಬ್’ ಗ್ರಂಥದಲ್ಲಿ ಅಧೀನಾರ್ಥಕವನ್ನು ಭೂತ, ವರ್ತಮಾನ, ಭವಿಷ್ಯತ್ತೆಂಬ ವಿಭಾಗಗಳು ಇನ್ನೂ ಮೂಡದಿರುವ ಕಾಲಚಿತ್ರವೆಂದು ನಿರೂಪಿಸಿದನು. ಆ ದೃಷ್ಟಿಯಿಂದ ನೋಡಿದರೆ ವರ್ತಮಾನ ಮತ್ತು ಭೂತವೆಂದು ಕರೆಯಲ್ಪಡುವ ಎರಡು ರೂಪಗಳ ನಡುವಿನ ಭೇದ ಅಪೂರ್ಣ ಮತ್ತು ಪೂರ್ಣಗಳ ಭೇದವಾಗಿದೆ. ಪ್ರಧಾನ ಕ್ರಿಯೆಯೊಡನೆ ಅಥವಾ ಅದರ ಅನಂತರ ನಡೆಯುವುದಕ್ಕೆ ಮೊದಲನೆಯದು. ಅದಕ್ಕೆ ಮುಂಚೆಯೋ ಸೂಚಿಸಿದ ಗಡುವಿನೊಳಗೋ ಮುಗಿದಿರುವುದಕ್ಕೆ ಎರಡನೆಯದು. ‘ಪೂರ್ಣ’ ಎಂಬ ಹೆಸರನ್ನು ಆರಿಸಿಕೊಂಡದ್ದು ಇದರಿಂದ.

ಪ್ರಯೋಗದ ವಿಷಯಕ್ಕೆ ಬಂದರೆ, ಫ್ರೆಂಚಿನ ಈ ಒಂದು ರೂಪಕ್ಕೆ ಕನ್ನಡದಲ್ಲಿ ಒಂದೇ ಪ್ರತಿರೂಪವಿಲ್ಲ. ಅನುವಾದಕನು ಎಚ್ಚರ ತಪ್ಪಿದರೆ ಅರ್ಥವೇ ತಲೆಕೆಳಗಾಗುವ ಸ್ಥಳಗಳಿವೆ. ‘ಜ ರಗ್ರೆತ್ ಕಿಲ್ ಸ್ವಾ ಪಾರ್ತಿ’ ಎಂಬ ವಾಕ್ಯದಲ್ಲಿ ಅವನು ಹೊರಟುಹೋಗಿರುವುದು ನಿಸ್ಸಂಶಯ. ವಕ್ತೃ ಅದಕ್ಕಾಗಿ ವ್ಯಥೆಪಡುತ್ತಿದ್ದಾನೆ. ಕನ್ನಡದಲ್ಲಿ ‘ಅವನು ಹೊರಟುಹೋದದ್ದಕ್ಕೆ ವಿಷಾದಿಸುತ್ತೇನೆ’ ಎನ್ನುತ್ತೇವೆ. ‘ಹೋದದ್ದು’ ಎಂಬ ಕೃದಂತ ನಾಮ ಘಟನೆಯನ್ನು ನಡೆದ ಸಂಗತಿಯಾಗಿ ಸ್ವೀಕರಿಸುತ್ತದೆ. ಈಗ ನ್ಯಾಯಾಲಯದ ವರದಿಯೊಂದರಲ್ಲಿ ಬರಬಹುದಾದ ವಾಕ್ಯವನ್ನು ನೋಡೋಣ: ‘ಲ ತೆಮ್ವೆಂ ನಿ ಕ ಲಾಕ್ಯುಜೆ ಸ್ವಾ ವನ್ಯು ಶೆ ಲ್ವಿ’. ಇದನ್ನು ‘ಆರೋಪಿ ತನ್ನ ಮನೆಗೆ ಬಂದದ್ದನ್ನು ಸಾಕ್ಷಿ ಅಲ್ಲಗಳೆಯುತ್ತಾನೆ’ ಎಂದು ಅನುವಾದಿಸಿದರೆ, ಬಂದದ್ದು ನಿಜ, ಸಾಕ್ಷಿ ಸುಳ್ಳಾಡುತ್ತಿದ್ದಾನೆ ಎಂಬ ಧ್ವನಿ ಹೊರಡುತ್ತದೆ. ಮೂಲದಲ್ಲಿ ಅಂತಹ ತೀರ್ಪಿಲ್ಲ. ಇಲ್ಲಿ ‘ಬಂದಿದ್ದನೆಂಬುದನ್ನು’ ಎಂದೇ ಬರೆಯಬೇಕು. ‘ಬಂದದ್ದು’ ಸಂಗತಿ, ‘ಬಂದಿದ್ದನೆಂಬುದು’ ಮಾತು; ಕನ್ನಡ ಕಾಪಾಡಿಕೊಂಡಿರುವ ಈ ವಿವೇಕ ಫ್ರೆಂಚ್ ಕ್ರಿಯಾರೂಪದಲ್ಲಿಲ್ಲ. ಅಲ್ಲಿ ಅದು ಪ್ರಧಾನ ಧಾತುವಿನ ಅರ್ಥದಿಂದಲೇ ತಿಳಿಯಬೇಕು. ನಮ್ಮಲ್ಲಿ ಫ್ರೆಂಚ್ ಕೃತಿಗಳು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬಂದಿರುವುದರಿಂದ ಈ ಅಂಶದತ್ತ ಸಾಕಷ್ಟು ಗಮನ ಹರಿದಿಲ್ಲವೆಂದು ತೋರುತ್ತದೆ.

ಭಯವನ್ನು ಹೇಳುವ ಧಾತುಗಳ ಸಂಗಡ ಇನ್ನೊಂದು ಬಲೆಯಿದೆ. ‘ಜ ಕ್ರೆಂ ಕಿಲ್ ನ ಸ್ವಾ ಪಾರ್ತಿ’ ಎಂಬಲ್ಲಿಯ ‘ನ’ಕಾರ ನಿಷೇಧವಲ್ಲ, ಶಿಷ್ಟಭಾಷೆಯ ಅಲಂಕಾರ ಮಾತ್ರ. ‘ಅವನು ಹೊರಟುಹೋಗಿಬಿಟ್ಟಿದ್ದಾನೇನೋ ಎಂಬ ಅಳುಕು ನನಗೆ’ ಎಂಬುದು ಅದರ ಭಾವ. ನಿಷೇಧವೆಂದು ತಿಳಿದವನು ಹೊರಟವನನ್ನು ಮನೆಯಲ್ಲಿಯೇ ಕೂರಿಸಿಬಿಡುತ್ತಾನೆ.

ಸಂಬಂಧಾರ್ಥಕ ವಾಕ್ಯಗಳಲ್ಲಿ ಅಧೀನಾರ್ಥಕ ಸೂಕ್ಷ್ಮವಾದ ಕೆಲಸ ಮಾಡುತ್ತದೆ. ‘ಆಫ್ರಿಕಾದಲ್ಲಿ ಕೆಲಸ ಮಾಡಿದ ವೈದ್ಯನನ್ನು ಹುಡುಕುತ್ತಿದ್ದೇನೆ’ ಎಂಬ ಕನ್ನಡ ವಾಕ್ಯಕ್ಕೆ ಎರಡರ್ಥ. ಅಂತಹ ಒಬ್ಬ ವೈದ್ಯನಿದ್ದಾನೆ, ಅವನು ಸಿಕ್ಕುತ್ತಿಲ್ಲ ಎಂಬುದೊಂದು. ಅಂತಹವನು ಇದ್ದಾನೋ ಇಲ್ಲವೋ, ಇದ್ದರೆ ಬೇಕು ಎಂಬುದಿನ್ನೊಂದು. ಫ್ರೆಂಚಿನಲ್ಲಿ ಮೊದಲನೆಯದು ‘ಕಿ ಆ ತ್ರಾವಾಯೆ’, ಎರಡನೆಯದು ‘ಕಿ ಎ ತ್ರಾವಾಯೆ’. ಒಂದು ಸ್ವರದ ಅಂತರದಲ್ಲಿ ಒಬ್ಬ ಮನುಷ್ಯನ ಅಸ್ತಿತ್ವ ನಿಂತಿದೆ. ಕನ್ನಡದಲ್ಲಿ ‘ಕೆಲಸ ಮಾಡಿರುವಂಥ ವೈದ್ಯರು ಯಾರಾದರೂ’ ಎಂದು ‘ಅಂಥ’ ಪ್ರತ್ಯಯವನ್ನೂ ‘ಯಾರಾದರೂ’ ಎಂಬುದನ್ನೂ ತಂದು ಇದನ್ನು ತುಂಬಿಕೊಡಬಹುದು.

‘ಬಿಯೆಂ ಕ’ (ಆದಾಗ್ಯೂ) ಎಂಬುದರ ಮುಂದೆಯೂ ಅಧೀನಾರ್ಥಕ ಬರುತ್ತದೆ. ನಮ್ಮ ‘ಮಳೆ ಬಂದಿದ್ದರೂ’ ಎಂಬುದು ಬಂದ ಮಳೆಗೂ ಸಲ್ಲುತ್ತದೆ, ಬಾರದ ಮಳೆಗೂ ಸಲ್ಲುತ್ತದೆ. ಫ್ರೆಂಚ್ ಇವನ್ನು ಬೇರ್ಪಡಿಸುತ್ತದೆ. ಆದರೆ ವಿಚಿತ್ರವೆಂದರೆ, ನಿಜವಾಗಿ ಬಂದ ಮಳೆಗೆ ಅಧೀನಾರ್ಥಕ. ಬರೀ ಕಲ್ಪಿತ ಮಳೆಗೆ ‘ಮೆಮ್ ಸಿ’ ಎಂಬುದರೊಡನೆ ನಿರ್ದೇಶಾರ್ಥಕ. ಅಧೀನಾರ್ಥಕವನ್ನು ಸಂದೇಹಾರ್ಥವೆಂದು ಪಾಠ ಹೇಳುವವರು ಈ ಒಂದು ಉದಾಹರಣೆಯನ್ನು ನೆನಪಿನಲ್ಲಿಟ್ಟರೆ ಸಾಕು. ಎರಡು ವಾಕ್ಯಗಳ ಕರ್ತೃ ಒಬ್ಬನೇ ಆದರೆ ಸಾಮಾನ್ಯವಾಗಿ ಈ ರೂಪ ಬಿಟ್ಟುಹೋಗಿ ಭೂತಾರ್ಥಕ ತುಮುನ್ನಂತ ಬರುತ್ತದೆಂಬುದನ್ನೂ ಹೇಳಿಬಿಡಬೇಕು.

ಪ್ರಧಾನ ಕ್ರಿಯೆ ಭೂತದಲ್ಲಿದ್ದರೆ ಶಾಸ್ತ್ರೀಯ ನಿಯಮ ‘ಫ್ಯು ಪಾರ್ತಿ’ ಎಂಬಂತಹ ಇನ್ನೊಂದು ರೂಪವನ್ನು ಬಯಸುತ್ತಿತ್ತು. ಆಡುಮಾತಿನಿಂದ ಅದು ಮರೆಯಾಗಿದೆ. ಸಾಹಿತ್ಯದ ಬರಹದಲ್ಲಿ, ಅದೂ ಹೆಚ್ಚಾಗಿ ಪ್ರಥಮ ಪುರುಷ ಏಕವಚನದಲ್ಲಿ, ಉಳಿದುಕೊಂಡಿದೆ. ಫ್ರಾನ್ಸಿನ ಶಿಕ್ಷಣ ಇಲಾಖೆ 1901ರ ಫೆಬ್ರುವರಿ 26ರ ಆದೇಶದಲ್ಲಿ ಈ ದಿಕ್ಕಿನಲ್ಲಿ ಸಣ್ಣ ಸಡಿಲಿಕೆ ಕೊಟ್ಟಿತು. 1976ರ ಡಿಸೆಂಬರ್ 28ರ ಆದೇಶ ಆ ಹಳೆಯ ರೂಪದ ಸ್ಥಾನದಲ್ಲಿ ನಮ್ಮ ಪೂರ್ಣರೂಪವನ್ನು ಬರೆದರೆ ಪರೀಕ್ಷೆಯಲ್ಲಿ ತಪ್ಪೆಂದು ಎಣಿಸಬಾರದೆಂದು ವಿಧಿಸಿತು. ಹೀಗೆ ಪೂರ್ಣರೂಪ ಎರಡು ರೂಪಗಳ ಹೊರೆಯನ್ನು ಹೊತ್ತಿದೆ. 19ನೆಯ ಶತಮಾನದ ಕಾದಂಬರಿಯನ್ನು ಓದುವವನು ‘ಫ್ಯು’ ಕಂಡಲ್ಲಿ ಬೆಚ್ಚದೆ ಅದನ್ನು ‘ಸ್ವಾ’ ಎಂದು ಓದಿಕೊಂಡರೆ ಬಹುಪಾಲು ಕೆಲಸ ಸಾಗುತ್ತದೆ.

ಇಂದು ವಿವಾದ ಇರುವುದು ‘ಅಪ್ರೆ ಕ’ (ಆದ ಮೇಲೆ) ಎಂಬುದರ ಬಗೆಗೆ. ‘ಅವಾಂ ಕ’ (ಮೊದಲು) ಎಂಬುದಕ್ಕೆ ಅಧೀನಾರ್ಥಕ ಬರುವುದು ಸರಿ. ಆ ಕ್ಷಣದಲ್ಲಿ ಘಟನೆ ಇನ್ನೂ ನಡೆದಿಲ್ಲ. ‘ಆದ ಮೇಲೆ’ ಎಂಬುದಕ್ಕೆ ನಿರ್ದೇಶಾರ್ಥಕವೇ ಸಾಧುವೆಂದು ಫ್ರೆಂಚ್ ಅಕಾಡೆಮಿಯ ನಿಲುವು. ಆದರೂ ‘ಮೊದಲು’ ಎಂಬುದರ ಸಾದೃಶ್ಯದಿಂದ ವಿದ್ಯಾವಂತರ ಬಾಯಲ್ಲಿಯೂ ‘ಅಪ್ರೆ ಕಿಲ್ ಸ್ವಾ ಪಾರ್ತಿ’ ಎಂಬುದು ಸಾಮಾನ್ಯವಾಗಿದೆ. ಅಕಾಡೆಮಿಯ ತರ್ಕ ಬಲವಾಗಿಯೇ ಇದೆಯೆಂದು ನನ್ನ ಎಣಿಕೆ. ರೂಢಿ ಅದಕ್ಕೆ ಕಿವಿಗೊಡುವಂತೆ ಕಾಣುವುದಿಲ್ಲ. ಅದೇ ತರ್ಕ ಕನ್ನಡದಲ್ಲಿ ಯಾರ ಕಾವಲೂ ಇಲ್ಲದೆ ನಡೆದುಕೊಂಡು ಬಂದಿದೆ. ‘ಅವನು ಬಂದ ಮೇಲೆ ಹೊರಟೆ’ ಎನ್ನುವ ನಾವು, ಎರಡು ಘಟನೆಗಳೂ ನಿನ್ನೆಯೇ ಮುಗಿದಿದ್ದರೂ, ‘ಅವನು ಬರುವ ಮೊದಲು ಹೊರಟೆ’ ಎನ್ನುತ್ತೇವೆ. ‘ಬಂದ ಮೊದಲು’ ಎಂದು ಯಾರೂ ಆಡುವುದಿಲ್ಲ.