ಅಟ್ಟದ ಕಾಯಿ, ಮೇಲಿನ ಮನೆಯ ಕುರ್ಚಿ

ಅರಸೀಕೆರೆ ಸೀಮೆಯಲ್ಲಿ ಹಳೆಯ ತೆಂಗು ಬೆಳೆಗಾರರ ಮನೆಯಲ್ಲಿ ಮಲಗಿದವರಿಗೆ ನಡುರಾತ್ರಿಯ ಒಂದು ಸದ್ದು ಚೆನ್ನಾಗಿ ಗೊತ್ತು. ಅಟ್ಟದಲ್ಲಿ ರಾಶಿ ಹಾಕಿದ ಕಾಯಿಗಳಲ್ಲಿ ಒಂದು ಜಾರುತ್ತದೆ. ದುಡುಮ್ ಎಂದು ಬಿದ್ದು, ಗುಡುಗುಡು ಉರುಳಿ, ಗೋಡೆಗೆ ತಾಗಿ ಸುಮ್ಮನಾಗುತ್ತದೆ. ಇಲಿಯ ಕೆಲಸ. ಕೆಳಗಿದ್ದವರು ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆಯುತ್ತಾರೆ. ಗಿಟುಕು ಕೊಬ್ಬರಿ ಆಗಬೇಕೆಂದರೆ ಬಲಿತ ಕಾಯಿ ಸಿಪ್ಪೆಸಮೇತ ಅಟ್ಟದಲ್ಲಿ ತಿಂಗಳುಗಟ್ಟಲೆ, ಹೆಚ್ಚೂಕಡಿಮೆ ವರ್ಷ, ಕೂರಲೇಬೇಕು. ಒಳಗಿನ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಾಡಿಸಿದಾಗ ಗಡಗಡ ಎನ್ನುವವರೆಗೆ.

ನಮ್ಮ ಸೋದರಮಾವ ಅಂಥ ಅಟ್ಟದ ಕೆಳಗೇ ಅರವತ್ತು ವರ್ಷ ಮಲಗಿದವರು. ಆಮೇಲೆ ಹಳೇಮನೆ ಕೆಡವಿ, ಆರ್‌ಸಿಸಿ ಹಾಕಿಸಿ, ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಈಗ ಹೋದಾಗಲೆಲ್ಲ ಒಂದೇ ದೂರು: "ಮೇಲಿನೋರು ರಾತ್ರಿ ಹತ್ತು ಗಂಟೆಗೆ ಕುರ್ಚಿ ಎಳೀತಾರೆ ಕಣೋ, ನನ್ನ ತಲೆ ಮೇಲೇ ಎಳೆದಂಗಾಗುತ್ತೆ. ಐದಿಂಚು ಕಾಂಕ್ರೀಟು ಹಾಕ್ಸಿದೀನಿ, ಎಲ್ಲಿಂದ ತೂರ್ಕೊಂಡ್ ಬರುತ್ತೆ ಇದು? ಅವರು ಮಾತಾಡಿದ್ದು ಮಾತ್ರ ಒಂದಕ್ಷರ ಕೇಳಲ್ಲ."

ಮಾವನ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಉತ್ತರದ ಅರ್ಧ ಇದೆ. ಮಾತು ಬರುವ ದಾರಿ ಬೇರೆ, ಪೆಟ್ಟು ಬರುವ ದಾರಿ ಬೇರೆ.

ಮೊದಲು ಮಾತು. ಮೇಲಿನ ಮನೆಯ ಮಾತು ಗಾಳಿಯಲ್ಲಿ ಅಲೆಯಾಗಿ ಬಂದು ನೆಲವನ್ನು ತಳ್ಳುತ್ತದೆ. ನೆಲ ಅಲುಗಿದರೆ ತಾನೇ ಕೆಳಗಿನ ಗಾಳಿ ಅಲುಗುವುದು? ಐದಿಂಚಿನ ಕಾಂಕ್ರೀಟು ಒಂದು ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಗಂಟಲಿನಿಂದ ಹೊರಟ ಗಾಳಿಯ ಅಲೆಗೆ ಅಷ್ಟು ಭಾರವನ್ನು ಅಲ್ಲಾಡಿಸುವ ತಾಕತ್ತಿಲ್ಲ. ಅಲೆಯ ಬಹುಪಾಲು ಬಂದ ದಾರಿಗೇ ಹಿಂತಿರುಗುತ್ತದೆ. ಇಂಥ ತಾರಸಿ ಗಾಳಿಯ ಸದ್ದನ್ನು ಸುಮಾರು 50 ಡೆಸಿಬೆಲ್ ತಗ್ಗಿಸುತ್ತದೆ. ಮೇಲೆ 60 ಡೆಸಿಬೆಲ್‌ನ ಮಾತು ನಡೆದರೆ ಕೆಳಗೆ ಮುಟ್ಟುವುದು ಹತ್ತರ ಆಸುಪಾಸು. ಅದು ಫ್ಯಾನಿನ ಸದ್ದಿನಲ್ಲೇ ಮುಳುಗಿಹೋಗುತ್ತದೆ.

ಅಟ್ಟದ ಮನೆಯಲ್ಲಿ ಇದೇ ಮಾತು ಸಲೀಸಾಗಿ ಇಳಿಯುತ್ತಿತ್ತು. ಕಾಯಿಗೆ ಗಾಳಿ ಆಡಲೆಂದು ಅಡಿಕೆ ದಬ್ಬೆಯನ್ನೋ ಹಲಗೆಯನ್ನೋ ಸಂದು ಬಿಟ್ಟು ಹಾಸಿರುತ್ತಾರೆ. ಸಂದಿನ ಲೆಕ್ಕ ಕೇಳಿದರೆ ಅಚ್ಚರಿಯಾಗುತ್ತದೆ: ನೆಲದ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಉಳಿದ ತೊಂಬತ್ತೊಂಬತ್ತು ಪಾಲು ಎಷ್ಟೇ ಭಾರವಿರಲಿ, ತಡೆ 20 ಡೆಸಿಬೆಲ್‌ ದಾಟುವುದಿಲ್ಲ. ಬೇಲೂರಿನ ಚೆನ್ನಕೇಶವನ ಗುಡಿಗೆ ಹೋದವರು ಇದನ್ನು ಕಿವಿಯಾರೆ ಕೇಳಬಹುದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ ನವರಂಗ ತೆರೆದ ಮಂಟಪವಾಗಿತ್ತು. ಕಂಬಗಳ ನಡುವೆ ಕಲ್ಲಿನ ಜಾಲಂಧ್ರ ಕೂಡಿಸಿದ್ದು ಆಮೇಲೆ, ವೀರಬಲ್ಲಾಳನ ಕಾಲದಲ್ಲಿ. ಬಳಪದ ಕಲ್ಲು ಬೇಕಾದಷ್ಟು ಭಾರವಿದೆ, ಆದರೂ ಹೊರಗಿನ ಗೈಡುಗಳ ಮಾತೆಲ್ಲ ಒಳಕ್ಕೆ ಬರುತ್ತದೆ. ತೂತು ಬಿಟ್ಟ ಕಲ್ಲು ಬೆಳಕನ್ನು ಜರಡಿ ಹಿಡಿಯುತ್ತದೆ, ಸದ್ದನ್ನು ಹಿಡಿಯುವುದಿಲ್ಲ.

ಇನ್ನು ಪೆಟ್ಟು. ಕುರ್ಚಿ ಎಳೆದಾಗ ಗಾಳಿ ಮಧ್ಯಸ್ಥಿಕೆ ವಹಿಸುವುದೇ ಇಲ್ಲ. ಕುರ್ಚಿಯ ಕಾಲು ನೇರವಾಗಿ ನೆಲವನ್ನೇ ಅಲುಗಿಸುತ್ತದೆ. 300 ಕಿಲೋದ ಕಾವಲುಗಾರನನ್ನು ದಾಟುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಈಗ ಕಾವಲುಗಾರನೇ ಕೂಗುತ್ತಿದ್ದಾನೆ. ಕಾಂಕ್ರೀಟಿನಲ್ಲಿ ಸದ್ದು ಗಾಳಿಗಿಂತ ಸುಮಾರು ಹತ್ತು ಪಟ್ಟು ವೇಗವಾಗಿ ಓಡುತ್ತದೆ. ತಾರಸಿ, ತೊಲೆ, ಕಂಬ, ಗೋಡೆ ಎಲ್ಲ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಒಂದು ಮೂಲೆಯ ಪೆಟ್ಟು ಇನ್ನೊಂದು ಕೋಣೆಯ ಗೋಡೆಯಿಂದಲೂ ಹೊರಬರುತ್ತದೆ. ಅಡುಗೆಮನೆಯ ಮೇಲೆ ಚಟ್ನಿ ರುಬ್ಬಿದರೆ ಮಲಗುವ ಕೋಣೆಯಲ್ಲಿ ಗುಂಯ್‌ಗುಟ್ಟುವುದು ಇದಕ್ಕೇ. ಮಿಕ್ಸಿ ಕೂತಿರುವ ಗ್ರಾನೈಟ್ ಕಟ್ಟೆ ಗೋಡೆಯೊಳಗೆ ಹುದುಗಿರುತ್ತದೆ.

ಹಿಂದಿನವರು ಕುಟ್ಟುವ, ರುಬ್ಬುವ ಕೆಲಸವನ್ನು ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ. ಒರಳು ನೆಲದಲ್ಲಿ ಹೂತಿರುತ್ತಿತ್ತು. ಒನಕೆಯ ಪೆಟ್ಟು ಮಣ್ಣಿಗಿಳಿದು ಅಲ್ಲೇ ಕರಗುತ್ತಿತ್ತು. ಬೇಲೂರು, ಹಳೇಬೀಡುಗಳ ಗುಡಿಗಳೂ ಹಾಗೆಯೇ. ಅವಕ್ಕೆ ಮಹಡಿಯಿಲ್ಲ, ಎತ್ತರದ ಜಗತಿಯ ಮೇಲೆ ಕೂತಿವೆ. ನವರಂಗದ ನಡುವೆ ಕುಣಿತಕ್ಕೆಂದೇ ಇರುವ ದುಂಡನೆಯ ಕಲ್ಲಿನ ಮೇಲೆ ಎಷ್ಟೇ ಜೋರಾಗಿ ಕುಣಿದರೂ ಕೆಳಗೆ ಬೇಸರಪಡಲು ಯಾರೂ ಇರಲಿಲ್ಲ.

ಮತ್ತೆ ಅಟ್ಟದ ಕಾಯಿಗೆ ಬರೋಣ. ಸಿಪ್ಪೆ ಇರುವ ಕಾಯಿ ಬಿದ್ದರೆ ದುಡುಮ್, ಸುಲಿದ ಕಾಯಿ ಬಿದ್ದರೆ ಟಣ್. ತೂಕದ ವ್ಯತ್ಯಾಸ ಇಲ್ಲಿ ಮುಖ್ಯವಲ್ಲ. ವ್ಯತ್ಯಾಸ ಇರುವುದು ತಾಗುವ ಹೊತ್ತಿನಲ್ಲಿ. ನಾರು ಅದುಮಿಕೊಂಡು ಪೆಟ್ಟನ್ನು ಕ್ಷಣದ ಕೆಲವು ಪಾಲು ಹೆಚ್ಚು ಹೊತ್ತು ಎಳೆಯುತ್ತದೆ. ತಾಗುವ ಹೊತ್ತು ಹಿಗ್ಗಿದಷ್ಟೂ ಸದ್ದಿನ ಕೀಚಲು ಸ್ವರಗಳು ಉದುರಿಹೋಗುತ್ತವೆ, ತಗ್ಗಿನ ಗುಡುಗು ಮಾತ್ರ ಉಳಿಯುತ್ತದೆ. ವಿಟ್ರಿಫೈಡ್ ಟೈಲ್ಸ್ ಮೇಲೆ ಸ್ಟೀಲ್ ಲೋಟ ಬಿದ್ದಾಗ ಆಗುವುದು ಇದರ ತಿರುಗುಮುರುಗು: ಗಟ್ಟಿಗೆ ಗಟ್ಟಿ, ಕಣ್ಣುಮಿಟುಕಿಸುವುದಕ್ಕೂ ಮೊದಲೇ ಮುಗಿಯುವ ಪೆಟ್ಟು, ಕಿವಿ ಕೊರೆಯುವ ಸದ್ದು. ಬರಿಗಾಲ ಹಿಮ್ಮಡಿ ಕಾಯಿಯ ಜಾತಿಗೆ ಸೇರಿದ್ದು. ಮೆತ್ತಗಿದ್ದರೂ ಧಬ್ ಎಂಬ ತಗ್ಗಿನ ಸದ್ದು ಕೊಡುತ್ತದೆ, ಮತ್ತು ಅದನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟ. ಕುರ್ಚಿಯದು ಮೂರನೆಯ ಬಗೆ. ಅದರ ಕಾಲು ಅಂಟಿ, ಜಾರಿ, ಮತ್ತೆ ಅಂಟಿ, ಮತ್ತೆ ಜಾರಿ ಸೆಕೆಂಡಿಗೆ ನೂರಾರು ಸಲ ನೆಲವನ್ನು ಜಗ್ಗುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಮಾವನ ತಲೆಯ ಮೇಲೆ ರಾತ್ರಿ ಹತ್ತಕ್ಕೆ ನಡೆಯುವುದು ಕಛೇರಿಯೇ, ವಾದ್ಯ ಮಾತ್ರ ತಾರಸಿ.

ಮೇಲಿನ ಮನೆಗೆ ಬೀಗ ಹಾಕಿದ್ದರೂ ಯಾರೋ ಗೋಲಿ ಉರುಳಿಸಿದಂತೆ ಕೇಳುತ್ತದೆ ಎಂದು ಹೇಳುವವರೂ ಇದ್ದಾರೆ. ಗಾಬರಿ ಬೇಡ. ಬಿಸಿಲಿಗೆ ಹಿಗ್ಗಿದ ಹತ್ತು ಮೀಟರಿನ ತಾರಸಿ, ರಾತ್ರಿ 20 ಡಿಗ್ರಿ ತಣ್ಣಗಾದರೆ ಎರಡು ಮಿಲಿಮೀಟರಿನಷ್ಟು ಕುಗ್ಗುತ್ತದೆ. ಗೋಡೆಯ ಮೇಲೆ ಅದು ನಯವಾಗಿ ಜಾರುವುದಿಲ್ಲ, ತಡೆದು ತಡೆದು ಟಕ್ ಎಂದು ಜಾರುತ್ತದೆ. ನಲ್ಲಿಯನ್ನು ಥಟ್ಟನೆ ನಿಲ್ಲಿಸಿದಾಗ ಪೈಪಿನೊಳಗಿನ ನೀರು ಹೊಡೆಯುವ ಪೆಟ್ಟೂ ಗೋಡೆಯುದ್ದಕ್ಕೂ ಹೀಗೇ ಸಾಗುತ್ತದೆ.

ಪೆಟ್ಟಿನ ಸದ್ದನ್ನು ಅಳೆಯಲು ಎಂಜಿನಿಯರುಗಳ ಬಳಿ ಒಂದು ಯಂತ್ರವಿದೆ. ಅರ್ಧ ಅರ್ಧ ಕಿಲೋದ ಐದು ಸುತ್ತಿಗೆಗಳು ನಾಲ್ಕು ಸೆಂಟಿಮೀಟರ್ ಎತ್ತರದಿಂದ, ಒಟ್ಟಾರೆ ಸೆಕೆಂಡಿಗೆ ಹತ್ತು ಸಲ, ಮೇಲಿನ ನೆಲವನ್ನು ಕುಟ್ಟುತ್ತವೆ. ಕೆಳಗೆ ಮೈಕಿಟ್ಟು ಅಳೆಯುತ್ತಾರೆ. ಜಪಾನ್, ಕೊರಿಯಾಗಳಲ್ಲಿ ಮಕ್ಕಳ ನೆಗೆತಕ್ಕೆ ಬದಲಾಗಿ ಎರಡೂವರೆ ಕಿಲೋದ ರಬ್ಬರ್ ಚೆಂಡನ್ನು ಒಂದು ಮೀಟರ್ ಎತ್ತರದಿಂದ ಬೀಳಿಸುವುದೂ ಉಂಟು. ದಕ್ಷಿಣ ಕೊರಿಯಾದಲ್ಲಿ ಮಹಡಿ ಮಹಡಿಗಳ ನಡುವಿನ ಸದ್ದಿನ ಜಗಳ ಬಿಡಿಸಲೆಂದೇ 2012ರಿಂದ ಸರ್ಕಾರಿ ಕೇಂದ್ರವೊಂದು ನಡೆಯುತ್ತಿದೆ. ಅಲ್ಲಿ ಅಪಾರ್ಟ್‌ಮೆಂಟಿನ ತಾರಸಿ 210 ಮಿಲಿಮೀಟರ್, ಅಂದರೆ ಎಂಟಿಂಚಿಗೂ ದಪ್ಪ ಇರಬೇಕೆಂಬ ನಿಯಮವಿದೆ. ಆದರೂ ದೂರು ನಿಂತಿಲ್ಲ. ಐದಿಂಚಿನ ಬದಲು ಏಳಿಂಚು ಹಾಕಿಸಬೇಕಿತ್ತೇನೋ ಎಂದು ಕೊರಗುವ ಮಾವನಿಗೆ ಇದನ್ನು ಹೇಳಿದೆ. ಭಾರ ಇಮ್ಮಡಿಯಾದರೂ ಮಾತಿನ ಸದ್ದೇ ಐದಾರು ಡೆಸಿಬೆಲ್ ಇಳಿಯುವುದು, ಕುರ್ಚಿಗಂತೂ ದಪ್ಪವೊಂದೇ ಮದ್ದಲ್ಲ.

ಮದ್ದು ಮೆತ್ತನೆಯ ಪದರ. ಕಾಂಕ್ರೀಟಿನ ಮೇಲೆ ಹತ್ತು ಮಿಲಿಮೀಟರಿನಷ್ಟು ಮೆತ್ತನೆಯ ಹಾಸು, ಅದರ ಮೇಲೆ ಎರಡಿಂಚು ಗಾರೆ, ಅದರ ಮೇಲೆ ಟೈಲ್ಸ್. ಮೇಲಿನ ಗಾರೆ ತಾರಸಿಗಾಗಲಿ ಗೋಡೆಗಾಗಲಿ ಎಲ್ಲೂ ತಾಗಬಾರದು, ತೇಲುತ್ತಿರಬೇಕು. ಅಂಚಿನಲ್ಲಿ ಒಂದು ಬೊಗಸೆ ಸಿಮೆಂಟು ಜಾರಿ ಗೋಡೆಗೆ ಅಂಟಿಕೊಂಡರೆ ಪಟ್ಟ ಶ್ರಮ ನೀರುಪಾಲು, ಪೆಟ್ಟು ಆ ಸೇತುವೆ ಹಿಡಿದು ಇಳಿದುಬಿಡುತ್ತದೆ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸದ್ದು ತಡೆಯುವ ಬಗ್ಗೆ ಪ್ರತ್ಯೇಕ ವಿಭಾಗವೇ ಇದೆ. ನಮ್ಮ ತಾಲ್ಲೂಕು ಊರುಗಳಲ್ಲಿ ಅದನ್ನು ಬಿಡಿಸಿ ನೋಡಿದ ಮೇಸ್ತ್ರಿಯನ್ನು ನಾನು ಇನ್ನೂ ಕಂಡಿಲ್ಲ.

ಮನೆ ಕಟ್ಟಿ ಮುಗಿದಿದ್ದರೆ? ಕೆಳಗೆ ಪಿಒಪಿ ಸೀಲಿಂಗ್ ಹಾಕಿಸಲು ದುಡ್ಡು ಸುರಿಯುವವರಿದ್ದಾರೆ. ಸದ್ದು ಗೋಡೆಯಿಂದಲೂ ಇಳಿಯುವುದರಿಂದ ಅದರ ಲಾಭ ಅಷ್ಟಕ್ಕಷ್ಟೆ. ಪೆಟ್ಟನ್ನು ಹುಟ್ಟಿದಲ್ಲೇ ಹಿಡಿಯುವುದು ಅಗ್ಗ. ಮಾವ ಕೊನೆಗೆ ಒಂದು ಡಜನ್ ರಬ್ಬರ್ ಬುಷ್ ತಂದು ತಾವೇ ಮೇಲೆ ಹತ್ತಿ, ಬಾಡಿಗೆಯವರ ಕುರ್ಚಿ ಕಾಲುಗಳಿಗೆ ಹಾಕಿ ಬಂದರು. ಮಿಕ್ಸಿಯ ಅಡಿಗೆ ಹಳೆಯ ಟವೆಲ್ ಮಡಿಸಿಡಲು ಆ ಮನೆಯಾಕೆಗೆ ಹೇಳಿದರಂತೆ. ಕುರ್ಚಿ ಈಗ ಸುಮ್ಮನಿದೆ. ಮಕ್ಕಳ ಓಡಾಟ ಇದ್ದೇ ಇದೆ, ಆದರೆ ಮಕ್ಕಳ ಹೆಸರು ಗೊತ್ತಾದ ಮೇಲೆ ಅದು ಮೊದಲಿನಷ್ಟು ಕೇಳಿಸುತ್ತಿಲ್ಲ ಎನ್ನುತ್ತಾರೆ. ಅಟ್ಟದ ಇಲಿಯ ವಿಷಯದಲ್ಲೂ ಹೀಗೇ ಆಗಿರಬೇಕು.

ಹೊಸದಾಗಿ ಮಹಡಿ ಕಟ್ಟಿಸುವವರು ಟೈಲ್ಸ್ ಕೂರಿಸುವ ಮೊದಲು ಎಂಜಿನಿಯರನ್ನು ಆ ಮೆತ್ತನೆಯ ಹಾಸಿನ ಬಗ್ಗೆ ಒಂದು ಮಾತು ಕೇಳಿ. ಜರ್ಮನಿಯಲ್ಲಿ ಅದಕ್ಕೆ ಬಳಸುವ ಸಾಮಗ್ರಿಗಳಲ್ಲಿ ತೆಂಗಿನ ನಾರಿನ ಹಾಸೂ ಒಂದು. ಅರಸೀಕೆರೆಯ ಮನೆಗಳಲ್ಲಿ ಅದೇ ನಾರು ಇನ್ನೂ ಸಿಪ್ಪೆಯಾಗಿ ಬಚ್ಚಲೊಲೆಯಲ್ಲಿ ಉರಿಯುತ್ತಿದೆ.