ಹಿಂಡಿಯಿಂದ ಹಾಲು ಹೆಚ್ಚಿತೇ? ಸರದಿ ಪಟ್ಟಿ ಕೇಳಿ

ನಮ್ಮ ಕೋಡಿಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಡೇರಿಗೆ ಹಾಕಿದ ಹಾಲಿನ ದುಡ್ಡಲ್ಲೇ ಸಂತೆ ಖರ್ಚು. ‘ಈ ಹಿಂಡಿ ಹಾಕಿ, ಹಾಲು ಜಾಸ್ತಿ ಆಗುತ್ತೆ’ ಅಂದವರಿಗೆ ನನ್ನದು ಒಂದೇ ಪ್ರಶ್ನೆ: ಯಾವ ಸರದಿಯಲ್ಲಿ ತಿನ್ನಿಸಿ ನೋಡಿದಿರಿ?

ನಾಲ್ಕು ಹಸು, ನಾಲ್ಕು ಬಗೆಯ ಹಿಂಡಿ (ಕ, ಖ, ಗ, ಘ), ನಾಲ್ಕು ಅವಧಿ. ಪ್ರತಿ ಹಸುವೂ ನಾಲ್ಕನ್ನೂ ತಿನ್ನಬೇಕು. ಒಂದು ಅವಧಿಯಲ್ಲಿ ಒಂದು ಹಿಂಡಿ ಒಂದೇ ಹಸುವಿಗೆ. ಇದೇ ಲ್ಯಾಟಿನ್ ಚೌಕ. ಹಸುಗಳ ನಡುವಿನ ವ್ಯತ್ಯಾಸ, ದಿನ ಕಳೆದಂತೆ ಇಳಿಯುವ ಹಾಲು, ಎರಡನ್ನೂ ಲೆಕ್ಕದಲ್ಲಿ ಬೇರ್ಪಡಿಸಬಹುದು.

ಆದರೆ ಕಖಗಘ, ಖಗಘಕ ಅಂತ ಬರೀ ಸುತ್ತಿಸಿದರೆ, ಮೊದಲ ಅವಧಿ ಬಿಟ್ಟು ಖ ಬರುವುದು ಯಾವಾಗಲೂ ಕ ಆದಮೇಲೇ. ಹಿಂದೆ ತಿಂದ ಹಿಂಡಿಯ ಗುಣ ಮೈಯಲ್ಲಿ ಉಳಿದಿದ್ದರೆ ಕೆಲಸ ಕದ್ದು, ಹೆಸರು ಖದ್ದು.

1949ರಲ್ಲಿ ಇ. ಜೆ. ವಿಲಿಯಮ್ಸ್ ಇದಕ್ಕೆ ದಾರಿ ತೋರಿದರು: ಕಖಘಗ, ಖಗಕಘ, ಗಘಖಕ, ಘಕಗಖ. ಇಲ್ಲಿ ಪ್ರತಿ ಹಿಂಡಿಯೂ ಉಳಿದ ಮೂರರ ಬೆನ್ನಿಗೆ ಒಂದೊಂದು ಸಲ ಬರುತ್ತೆ. ಹಿಂಡಿ ಮೂರೋ ಐದೋ ಆದರೆ ಎರಡು ಚೌಕ ಬೇಕು.

‘ಆರ್’ ಎಂಬ ಉಚಿತ ತಂತ್ರಾಂಶದ ‘ಕ್ರಾಸ್‌ಡೆಸ್’ ಪ್ಯಾಕೇಜಿನಲ್ಲಿ ‘ವಿಲಿಯಮ್ಸ್’ ಆಜ್ಞೆಗೆ 4 ಅಂತ ಕೊಟ್ಟರೆ ಇಂಥ ಚೌಕ ಸಿಗುತ್ತೆ. ಬರೀ ಲ್ಯಾಟಿನ್ ಚೌಕ ಕೇಳಿದರೆ ಈ ಸಮತೋಲನದ ಖಾತ್ರಿಯಿಲ್ಲ. ಯಾವ ಹಸುವಿಗೆ ಯಾವ ಸಾಲು ಅನ್ನೋದನ್ನು ಚೀಟಿ ಎತ್ತಿಯೇ ನಿರ್ಧರಿಸಬೇಕು.

ಮೂಟೆಗೆ ದುಡ್ಡು ಕೊಡೋರು ನಾವು. ಸರದಿ ಪಟ್ಟಿ ಕೇಳುವ ಹಕ್ಕೂ ನಮ್ಮದೇ.